ರತ್ನಗಂಬಳಿ ಕ್ಲೀನರುಗಳ ತುಲನೆ: ಬಾಟಲಿಯ ಮಾತು, ಕಾರ್ಪೆಟ್ಟಿನ ಸಾಕ್ಷಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಅಂಗಡಿಗೆ ಬಹುಕಾಲದಿಂದ ಬರುತ್ತಿದ್ದ ಹಿರಿಯ ಗ್ರಾಹಕರೊಬ್ಬರು ಕಾರ್ಪೆಟ್ ಶುಚಿಗೊಳಿಸುವ ದ್ರಾವಣವನ್ನು ಕೇಳಿದರು. "ಯಾವ ಕಾರ್ಪೆಟ್ಟಿಗಾದರೂ ಆಗುತ್ತದೆಯೇ?" ಎಂಬುದು ಅವರ ಪ್ರಶ್ನೆ. ಬಾಟಲಿಯ ಮೇಲೆ 'ಎಲ್ಲ ಬಗೆಯ ಕಾರ್ಪೆಟ್ಟುಗಳಿಗೆ' ಎಂದು ಅಚ್ಚಾಗಿದ್ದುದನ್ನು ತೋರಿಸಿ, "ಧೈರ್ಯವಾಗಿ ಬಳಸಿ ಸರ್, ಏನೂ ಆಗುವುದಿಲ್ಲ" ಎಂದೆ. ಹತ್ತು ದಿನಗಳ ತರುವಾಯ ಅವರು ಬಂದು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದರು. ಅವರ ತಂದೆಯವರ ಕಾಲದ ಉಣ್ಣೆಯ ರತ್ನಗಂಬಳಿಯಲ್ಲಿ ಅಂಚಿನ ಕೆಂಪು ಬಣ್ಣ ಕರಗಿ, ಪಕ್ಕದ ಕೆನೆಬಣ್ಣದ ಹೂವುಗಳಿಗೆ ಹರಡಿತ್ತು. ನಷ್ಟಕ್ಕೆಂದು ನಾನು ಮುಂದಿಟ್ಟ ಹಣವನ್ನು ಅವರು ಮುಟ್ಟಲಿಲ್ಲ. ಅಂಗಡಿಗೆ ಮತ್ತೆ ಬರಲೂ ಇಲ್ಲ.

ಆ ಬಾಟಲಿಯ ಮುಚ್ಚಳವನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮಾರಾಟ ಪ್ರತಿನಿಧಿ ಹೇಳಿದ್ದನ್ನು ನಂಬಿದೆ, ನಂಬಿದ್ದನ್ನೇ ಗ್ರಾಹಕರಿಗೆ ಹೇಳಿದೆ. ಹೊಸ ಕ್ಲೀನರೊಂದನ್ನು ಮಳಿಗೆಯ ಕಪಾಟಿನಲ್ಲಿ ಇರಿಸುವ ಮೊದಲು ಮನೆಯಲ್ಲಿ ಪರೀಕ್ಷಿಸಿ ನೋಡುವ ಪದ್ಧತಿಯನ್ನು ಅಂದಿನಿಂದ ಇರಿಸಿಕೊಂಡಿದ್ದೇನೆ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಅಡುಗೆಮನೆಯ ತಕ್ಕಡಿ, ಗಡಿಯಾರ, ಒಂದಿಷ್ಟು ಅರಿಶಿನ ಮತ್ತು ಎರಡು ವಾರಗಳ ತಾಳ್ಮೆ ಇದ್ದರೆ ಸಾಕು. ವರ್ತಕ ಬಾಂಧವರಿಗೂ, ಮನೆಬಳಕೆಯ ಶುಚಿಕಾರಕಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಉಪಯೋಗವಾದೀತೆಂಬ ಭಾವನೆಯಿಂದ ಆ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ.

ಮಾರಾಟಗಾರನ ಮಾತಿಗೂ ಹೊಣೆಯಿದೆ

'ತಯಾರಿಸಿದವರು ಯಾರೋ, ನಾವು ಮಾರುವವರು ಮಾತ್ರ' ಎಂಬ ಸಮಾಧಾನ ಈಗ ನಡೆಯುವುದಿಲ್ಲ. 2020ರ ಜುಲೈ ತಿಂಗಳಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಅದರ 86ನೆಯ ಕಲಮು ಮಾರಾಟಗಾರನಿಗೆ ಸಂಬಂಧಿಸಿದ್ದು. ತಯಾರಕನು ನೀಡಿದ ಭರವಸೆಗೆ ಹೊರತಾಗಿ ಮಾರಾಟಗಾರನೇ ಸ್ವತಂತ್ರವಾಗಿ ಭರವಸೆ ನೀಡಿ, ಉತ್ಪನ್ನವು ಅದಕ್ಕೆ ತಕ್ಕಂತೆ ನಡೆಯದೆ ಹಾನಿಯಾದರೆ, ಮಾರಾಟಗಾರನೂ ಹೊಣೆಯಾಗುತ್ತಾನೆ. ಹಾನಿ ಎಂಬುದರಲ್ಲಿ ಗ್ರಾಹಕನ ಇತರ ಸ್ವತ್ತಿಗೆ ಆಗುವ ಹಾನಿಯೂ ಸೇರುತ್ತದೆ. ಕ್ಲೀನರಿನ ಮಟ್ಟಿಗೆ ಹೇಳುವುದಾದರೆ ಆ ಸ್ವತ್ತು ಕಾರ್ಪೆಟ್ಟೇ ಆಗಿರುತ್ತದೆ. ನಾನು ಅಂದು ಆಡಿದ "ಏನೂ ಆಗುವುದಿಲ್ಲ" ಎಂಬ ಮಾತು ಎಷ್ಟು ಭಾರವಾದುದೆಂಬುದು ಇದರಿಂದ ತಿಳಿಯುತ್ತದೆ.

ತಯಾರಕರಿಗೆ ಇನ್ನೊಂದು ಅಂಶ. ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿಗಾಗಿ ಇದೇ ಕಾಯಿದೆಯ 21ನೆಯ ಕಲಮಿನನ್ವಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಪರೀಕ್ಷಿಸಿ ನೋಡಬಹುದಾದ ಸಂಗತಿಯನ್ನು ಜಾಹೀರಾತಿನಲ್ಲಿ ಹೇಳಿದರೆ, ಕೇಳಿದಾಗ ಅದಕ್ಕೆ ಆಧಾರ ಒದಗಿಸಬೇಕೆಂದು ಪ್ರಾಧಿಕಾರದ 2022ರ ಮಾರ್ಗಸೂಚಿಗಳು ಹೇಳುತ್ತವೆ. 'ಎಲ್ಲ ಕಲೆಗಳನ್ನೂ ತೆಗೆಯುತ್ತದೆ' ಎಂಬುದು ಅಂತಹ ಒಂದು ಸಂಗತಿಯೇ ಸರಿ.

ಮೊದಲು ಕಾರ್ಪೆಟ್ಟನ್ನು ಅರಿಯಿರಿ

ಒಂದು ಕಾರ್ಪೆಟ್ಟಿಗೆ ಹಿತವಾದ ಕ್ಲೀನರು ಮತ್ತೊಂದಕ್ಕೆ ಹಾನಿ ಮಾಡಬಹುದು. ಎಲ್ಲವೂ ನೂಲಿನ ಮೇಲೆ ನಿಂತಿದೆ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ ಪ್ರೋಟೀನುಗಳು. ಪ್ರಬಲ ಕ್ಷಾರವು ಅವುಗಳನ್ನು ಹಾಳು ಮಾಡುತ್ತದೆ, ಬಣ್ಣವನ್ನೂ ಬಿಡಿಸುತ್ತದೆ. ಕ್ಲೋರಿನ್ ಬ್ಲೀಚು ಉಣ್ಣೆಯನ್ನು ಹಳದಿಯಾಗಿಸಿ ತಿಂದುಹಾಕುತ್ತದೆ. ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವ ಬಟ್ಟೆ ಒಗೆಯುವ ಪುಡಿಗಳೂ ಇವುಗಳಿಗೆ ಸಲ್ಲವು. 'ಆರ್ಟ್ ಸಿಲ್ಕ್' ಎಂಬ ಹೆಸರಿನಿಂದ ಮಾರಾಟವಾಗುವ ವಿಸ್ಕೋಸ್ ಒದ್ದೆಯಾದಾಗ ತೀರ ದುರ್ಬಲವಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಮತ್ತು ಪಾಲಿಪ್ರೊಪಿಲೀನ್ ಹೆಚ್ಚು ಸಹಿಷ್ಣುಗಳು. ಆದರೆ ಮೇಲಿನ ನೂಲು ಯಾವುದೇ ಇರಲಿ, ಹಿಂಬದಿಯಲ್ಲಿ ಸೆಣಬಿನ ನೇಯ್ಗೆಯಿದ್ದರೆ ನೀರು ಅತಿಯಾದಾಗ ಸೆಣಬಿನ ಕಂದು ಬಣ್ಣ ಮೇಲೇರಿ ಕಾಣಿಸಿಕೊಳ್ಳುತ್ತದೆ.

ನಮ್ಮ ನಾಡಿನ ನೆಲಹಾಸುಗಳ ವಿಚಾರವೂ ಹಾಗೆಯೇ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ನವಲಗುಂದದ ಜಮಖಾನ ಹತ್ತಿಯದು, ಗಾಢ ಬಣ್ಣಗಳದು. ಅದಕ್ಕೆ ಬಣ್ಣ ಬಿಡುವ ಪರೀಕ್ಷೆಯೇ ಮುಖ್ಯ. ಚಳ್ಳಕೆರೆಯ ಕಂಬಳಿ ಕುರಿಯ ಉಣ್ಣೆಯದು. ಅದರ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವ ರೂಢಿಯಿರುವುದರಿಂದ ನೀರು ಬಿದ್ದರೆ ಅದರ ಗಡಸುತನವೇ ಬದಲಾಗುತ್ತದೆ.

ನೂಲು ಯಾವುದೆಂದು ತಿಳಿಯದಿದ್ದಲ್ಲಿ ಅಂಚಿನಿಂದ ನಾಲ್ಕಾರು ಎಳೆಗಳನ್ನು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಗೆ ಒಡ್ಡಿ ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ಕೃತಕ ನೂಲುಗಳಲ್ಲಿ ಪಾಲಿಪ್ರೊಪಿಲೀನನ್ನು ಗುರುತಿಸುವುದು ಇನ್ನೂ ಸುಲಭ. ಗಾಳಿಯ ಗುಳ್ಳೆಗಳು ಅಂಟದಂತೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಎಳೆಯನ್ನು ಮುಳುಗಿಸಿ ಬಿಡಿರಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರವಾದುದರಿಂದ ತೇಲುತ್ತದೆ. ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ.

ಪರೀಕ್ಷೆಯ ಸಿದ್ಧತೆ

ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ ಮುಖ್ಯವಾದವು ನೊರೆ ಬರುವ ಶಾಂಪೂ, ಡಬ್ಬಿಯಿಂದ ಸಿಂಪಡಿಸುವ ಸಿದ್ಧ ನೊರೆ, ನೀರಿನಲ್ಲಿ ಬೆರೆಸುವ ಸಾಂದ್ರ ದ್ರಾವಣ, ಉದುರಿಸಿ ಗುಡಿಸುವ ಒಣ ಪುಡಿ, ಹಾಗೂ ಪೆರಾಕ್ಸೈಡ್ ಅಥವಾ ಕಿಣ್ವಗಳಿರುವ ಕಲೆನಿವಾರಕ. ಹೋಲಿಕೆಗೆ ಒಮ್ಮೆಗೆ ಮೂರು ಉತ್ಪನ್ನಗಳು ಸಾಕು. ನಾಲ್ಕನೆಯದಾಗಿ ಬರೀ ನೀರು ಇರಲೇಬೇಕು. ನೀರಷ್ಟೇ ತೆಗೆಯಬಲ್ಲ ಕಲೆಯನ್ನು ಕ್ಲೀನರು ತೆಗೆಯಿತೆಂದು ಹೊಗಳುವುದರಲ್ಲಿ ಅರ್ಥವಿಲ್ಲ.

ಕಾರ್ಪೆಟ್ ಅಂಗಡಿಗಳಲ್ಲಿ ಉಳಿಕೆ ತುಂಡುಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ತಿಳಿಬಣ್ಣದ, ಸುಮಾರು ಒಂದು ಮೀಟರ್ ಚೌಕದ ತುಂಡೊಂದನ್ನು ತೆಗೆದುಕೊಳ್ಳಿರಿ. ಉಣ್ಣೆಯ ಸಣ್ಣ ತುಂಡೊಂದು ಸಿಕ್ಕರೆ ಅದನ್ನೂ ತನ್ನಿರಿ. ದೊಡ್ಡ ತುಂಡಿನ ಮೇಲೆ ನಡುವೆ 2 ಸೆಂಟಿಮೀಟರ್ ಜಾಗ ಬಿಟ್ಟು, 10 ಸೆಂಟಿಮೀಟರಿನ ಚೌಕಗಳನ್ನು ಚಾಕ್‌ಪೀಸಿನಿಂದ ಗುರುತಿಸಿರಿ. ನಾಲ್ಕು ಬಗೆಯ ಕಲೆಗಳು, ನಾಲ್ಕು ಉಪಚಾರಗಳು, ಪ್ರತಿಯೊಂದೂ ಮೂರು ಸಲ ಎಂದರೆ ಒಟ್ಟು 48 ಚೌಕಗಳು ಬೇಕು. ಇಷ್ಟು ಜಾಗ ಆ ತುಂಡಿನಲ್ಲಿ ದೊರೆಯುತ್ತದೆ. ಮೂರು ಸಲ ಏಕೆಂದರೆ, ಒಮ್ಮೆ ಮಾತ್ರ ನೋಡಿದ ಫಲಿತಾಂಶ ಅದೃಷ್ಟದ್ದೂ ಆಗಿರಬಹುದು.

ಅತಿ ಮುಖ್ಯವಾದ ನಿಯಮವೊಂದಿದೆ. ಯಾವ ಬಾಟಲಿಯಲ್ಲಿ ಯಾವುದಿದೆ ಎಂಬುದು ಅಂಕ ಕೊಡುವವರಿಗೆ ತಿಳಿದಿರಬಾರದು. ಮನೆಯವರಲ್ಲೊಬ್ಬರು ದ್ರಾವಣಗಳನ್ನು ಒಂದೇ ಬಗೆಯ ಸೀಸೆಗಳಿಗೆ ಸುರಿದು ಅ, ಆ, ಇ, ಈ ಎಂದು ಚೀಟಿ ಅಂಟಿಸಿ, ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಡಲಿ. ಯಾವ ಚೌಕಕ್ಕೆ ಯಾವ ಸೀಸೆ ಎಂಬುದನ್ನೂ ಚೀಟಿ ಎತ್ತಿ ನಿರ್ಧರಿಸಲಿ. ಹೆಚ್ಚು ಲಾಭಾಂಶ ಕೊಡುವ ಸರಕಿನ ಕಡೆಗೆ ವ್ಯಾಪಾರಿಯ ಕಣ್ಣು ವಾಲುವುದು ಸಹಜ. ತನ್ನದೇ ಉತ್ಪನ್ನದ ಕಡೆಗೆ ತಯಾರಕನ ಕಣ್ಣು ವಾಲುವುದು ಇನ್ನೂ ಸಹಜ.

ಪುಡಿಯನ್ನೂ ಸಿಂಪಡಿಸುವ ನೊರೆಯನ್ನೂ ಹೀಗೆ ಸೀಸೆಯಲ್ಲಿ ಮರೆಮಾಡಲಾಗದು. ಅಂಥವನ್ನು ಒಬ್ಬರು ಬಳಸಲಿ, ಅದನ್ನು ನೋಡದ ಇನ್ನೊಬ್ಬರು ಅಂಕ ನೀಡಲಿ.

ನೀರಿನ ಕಡೆಗೂ ಗಮನವಿರಲಿ. ನಮ್ಮಲ್ಲಿ ಬಹಳಷ್ಟು ಮನೆಗಳದು ಗಡಸಾದ ಕೊಳವೆಬಾವಿ ನೀರು. ಸೋಪು ಆಧಾರಿತ ಕ್ಲೀನರು ಅದರಲ್ಲಿ ನೊರೆ ಕೊಡದೆ ಬಿಳಿಯ ಗಸಿಯನ್ನು ಬಿಡುತ್ತದೆ. ಗ್ರಾಹಕರು ಬಳಸುವ ನೀರಿನಲ್ಲಿಯೇ ಪರೀಕ್ಷೆ ನಡೆಸುವುದು ಯುಕ್ತ.

ಒಂದನೆಯ ಪರೀಕ್ಷೆ: ಅರಿಶಿನದ ಕಾಗದ

ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಓಕುಳಿ ಕೆಂಪಾಗುವುದನ್ನು ನಾವೆಲ್ಲರೂ ಬಲ್ಲೆವು. ಅರಿಶಿನವು ಕ್ಷಾರವನ್ನು ಕಂಡೊಡನೆ ಕೆಂಪಾಗುವ ಈ ಗುಣವೇ ನಮ್ಮ ಮೊದಲ ಸಾಧನ. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅರಿಶಿನದ ಪುಡಿಯನ್ನು ನೆನೆಸಿ, ಸೋಸಿ, ಬಿಳಿಯ ಒತ್ತುಕಾಗದವನ್ನು ಅದರಲ್ಲಿ ಅದ್ದಿ, ಬೆಂಕಿಯಿಂದ ದೂರವಿರಿಸಿ ಒಣಗಿಸಿರಿ. ಲೇಬಲ್ ಹೇಳುವ ಪ್ರಮಾಣದಲ್ಲಿ ಬೆರೆಸಿದ ಕ್ಲೀನರಿನ ಒಂದು ಹನಿಯನ್ನು ಅದರ ಮೇಲೆ ಬಿಡಿರಿ. ಕಾಗದ ಕೆಂಗಂದಾದರೆ ದ್ರಾವಣ ಕ್ಷಾರಯುಕ್ತ. ಉಣ್ಣೆ ಮತ್ತು ರೇಷ್ಮೆಯ ಗ್ರಾಹಕರಿಗೆ ಅದನ್ನು ಕೊಡಬೇಡಿರಿ. ಕಾಗದದ ಬಣ್ಣವೇ ಮಾಯವಾದರೆ ಅದರಲ್ಲಿ ಬ್ಲೀಚು ಇರಬಹುದೆಂದು ಶಂಕಿಸಬೇಕು. ಕಾಗದ ಹಳದಿಯಾಗಿಯೇ ಉಳಿದರೆ ದ್ರಾವಣ ತಟಸ್ಥವಾಗಿರಬಹುದು, ಆಮ್ಲವೂ ಆಗಿರಬಹುದು. ಅವುಗಳ ವ್ಯತ್ಯಾಸವನ್ನು ಅರಿಶಿನ ತೋರಿಸುವುದಿಲ್ಲ. ಆದುದರಿಂದ ರಾಸಾಯನಿಕ ಸಾಮಗ್ರಿಗಳ ಅಂಗಡಿಯಲ್ಲಿ ದೊರೆಯುವ ಪಿಎಚ್ ಕಾಗದದಿಂದಲೂ ಒಮ್ಮೆ ನೋಡಿರಿ. ಉಣ್ಣೆಗೆ ತಟಸ್ಥ ಅಂಕವಾದ 7ರ ಆಸುಪಾಸಿನದೇ ಕ್ಷೇಮ.

ಎರಡನೆಯ ಪರೀಕ್ಷೆ: ಬಣ್ಣ ಬಿಡುವಿಕೆ

ಕಾರ್ಪೆಟ್ಟಿನ ಕಾಣದ ಮೂಲೆಯ ಮೇಲೆ ಕ್ಲೀನರಿನಲ್ಲಿ ತೋಯಿಸಿದ ಬಿಳಿಯ ಹತ್ತಿಬಟ್ಟೆಯನ್ನು ಇರಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಒಂದು ಕಿಲೋ ತೂಕದ ಬಟ್ಟನ್ನೂ ಹೇರಿ ಹತ್ತು ನಿಮಿಷ ಬಿಡಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಕ್ಲೀನರು ಆ ಕಾರ್ಪೆಟ್ಟಿಗೆ ಆಗದು. ಮಾರಾಟದ ವೇಳೆ ಗ್ರಾಹಕರಿಗೆ ತಪ್ಪದೆ ಹೇಳಬೇಕಾದ ಪರೀಕ್ಷೆಯೂ ಇದೇ. ಅಂದು ನಾನು ಹೇಳಬೇಕಾಗಿದ್ದ ಒಂದೇ ವಾಕ್ಯ ಇದಾಗಿತ್ತು.

ಮೂರನೆಯ ಪರೀಕ್ಷೆ: ಕಲೆ

ನಮ್ಮ ಮನೆಗಳಲ್ಲಿ ನಿಜವಾಗಿ ಬೀಳುವ ಕಲೆಗಳನ್ನೇ ಆರಿಸಿಕೊಳ್ಳೋಣ: ಹಾಲು ಬೆರೆಸಿದ ಚಹಾ, ಅರಿಶಿನವಿರುವ ಸಾಂಬಾರು, ನೀರಿನಲ್ಲಿ ಕಲಸಿದ ಕೆಂಪು ಮಣ್ಣು ಮತ್ತು ಎಲೆಅಡಿಕೆಯ ರಸ. ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು, ಪ್ರತಿ ಚೌಕಕ್ಕೂ 5 ಮಿಲಿಲೀಟರ್ ಹಾಕಿ, 24 ಗಂಟೆ ಬಿಡಿರಿ. ಒಣಗಿದ ಮಣ್ಣನ್ನು ಮೊದಲು ಬ್ರಶ್ಶಿನಿಂದ ಅಥವಾ ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಿರಿ. ಒಣ ದೂಳನ್ನು ತೆಗೆಯದೆ ದ್ರಾವಣ ಸುರಿದರೆ ಕೆಸರಾಗುತ್ತದೆಯೇ ಹೊರತು ಶುಚಿಯಾಗುವುದಿಲ್ಲ.

ಅನಂತರ ಪ್ರತಿ ಚೌಕಕ್ಕೂ 10 ಮಿಲಿಲೀಟರ್ ದ್ರಾವಣ ಹಾಕಿ, ಲೇಬಲ್ ಹೇಳಿದಷ್ಟು ಹೊತ್ತು ಕಾಯಿರಿ. ಉಜ್ಜಬಾರದು. ಮಡಿಸಿದ ಬಿಳಿಯ ಬಟ್ಟೆಯನ್ನಿಟ್ಟು, ಅದರ ಮೇಲೆ ಅದೇ ಒಂದು ಕಿಲೋ ಬಟ್ಟನ್ನು ಒಂದು ನಿಮಿಷ ಇರಿಸಿರಿ. ಬಟ್ಟೆಯನ್ನು ಬದಲಿಸಿ ಹೀಗೆ ಮೂರು ಸಲ ಮಾಡಿರಿ. ಬಳಿಕ 10 ಮಿಲಿಲೀಟರ್ ನೀರು ಹಾಕಿ ಮತ್ತೆ ಹೀರಿಸಿರಿ. ಕೈಯಿಂದ ಒತ್ತಿದರೆ ಒಂದು ಚೌಕಕ್ಕೆ ಹೆಚ್ಚು ಬಲ, ಇನ್ನೊಂದಕ್ಕೆ ಕಡಿಮೆ ಬಲ ಬೀಳುತ್ತದೆ. ತೂಕದ ಬಟ್ಟಿಗೆ ಪಕ್ಷಪಾತವಿಲ್ಲ. ಒಣ ಪುಡಿಯಾದರೆ ಲೇಬಲ್ ಹೇಳಿದಷ್ಟನ್ನು ತೂಗಿ ಉದುರಿಸಿ, ಹೇಳಿದ ಹೊತ್ತಿಗೆ ತೆಗೆಯಿರಿ.

ಅಂಕಗಳನ್ನು ಮರುದಿನ, ಪೂರ್ತಿ ಒಣಗಿದ ಮೇಲೆಯೇ ನೀಡಬೇಕು. ಒದ್ದೆಯಿರುವಾಗ ಮಾಯವಾದಂತೆ ತೋರುವ ಕಲೆ, ಒಣಗುತ್ತ ನೂಲಿನ ಬುಡದಿಂದ ಮೇಲೇರಿ ಮತ್ತೆ ಕಾಣಿಸಿಕೊಳ್ಳುವುದುಂಟು. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಬಿಳಿಯ ಹಾಳೆಯನ್ನಿಟ್ಟು ಛಾಯಾಚಿತ್ರ ತೆಗೆಯಿರಿ. ಕಲೆ ಪೂರ್ಣ ಹೋಗಿದ್ದರೆ 5, ಸ್ವಲ್ಪವೂ ಬದಲಾಗದಿದ್ದರೆ 1 ಎಂದು ಮೂವರು ಬೇರೆಬೇರೆಯಾಗಿ ಅಂಕ ಬರೆಯಲಿ. ಜವಳಿ ಪ್ರಯೋಗಶಾಲೆಗಳು ಬಣ್ಣದ ಪರೀಕ್ಷೆಯಲ್ಲಿ ಬಳಸುವ ಬೂದು ಮಾಪಕದಲ್ಲಿಯೂ 5ರಿಂದ 1ರವರೆಗಿನ ಶ್ರೇಣಿಯೇ ಇದೆ.

ನಾಲ್ಕನೆಯ ಪರೀಕ್ಷೆ: ಒಣಗುವ ಹೊತ್ತು

ಒಂದೇ ಅಳತೆಯ ಸಣ್ಣ ತುಂಡುಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ಶುಚಿಗೊಳಿಸಿದ ಮೇಲೆ ತೂಗಿ, ಅನಂತರ ಗಂಟೆಗೊಮ್ಮೆ ತೂಗುತ್ತ ಬನ್ನಿರಿ. ತೂಕ ಮೊದಲಿನಷ್ಟಕ್ಕೆ ಮರಳಿದಾಗ ಒಣಗಿತೆಂದು ಅರ್ಥ. ಕೈಯಿಂದ ಮುಟ್ಟಿ ನೋಡಿದರೆ ಮೇಲ್ಭಾಗ ಒಣಗಿದಂತೆ ತೋರಿದರೂ ಬುಡದಲ್ಲಿ ತೇವ ಉಳಿದಿರುತ್ತದೆ. 24ರಿಂದ 48 ಗಂಟೆಗಳೊಳಗೆ ಒಣಗದ ಕಾರ್ಪೆಟ್ಟಿನಲ್ಲಿ ಬೂಷ್ಟು ಹಿಡಿಯುವ ಭಯವಿದೆ. ಬೇಸಿಗೆಯ ಬಳ್ಳಾರಿಯಲ್ಲಿ ತೊಂದರೆ ಕೊಡದ ಕ್ಲೀನರು ಆಷಾಢದ ಮಂಗಳೂರಿನಲ್ಲಿ ತೊಂದರೆ ಕೊಡಬಹುದು. ಕರಾವಳಿ ಮತ್ತು ಮಲೆನಾಡಿನ ವರ್ತಕರು ಈ ಪರೀಕ್ಷೆಯನ್ನು ಮಳೆಗಾಲದಲ್ಲಿಯೇ ಮಾಡಿ ನೋಡುವುದು ಒಳ್ಳೆಯದು.

ಐದನೆಯ ಪರೀಕ್ಷೆ: ಉಳಿಯುವ ಅಂಟು

ಬಹುಮಂದಿ ಕೈಬಿಡುವ ಪರೀಕ್ಷೆ ಇದು. ಆದರೆ ಗ್ರಾಹಕರು ಮರಳಿ ಬರುವರೇ ಇಲ್ಲವೇ ಎಂಬುದನ್ನು ನಿರ್ಧರಿಸುವುದೂ ಇದೇ. ತೊಳೆದ ಮೇಲೆ ಕ್ಲೀನರಿನ ಒಂದಂಶ ಕಾರ್ಪೆಟ್ಟಿನಲ್ಲಿಯೇ ಉಳಿಯುತ್ತದೆ. ಅದು ಒಣಗಿ ಪುಡಿಯಾದರೆ ಮುಂದಿನ ಸಲ ಗುಡಿಸುವಾಗ ಹೋಗುತ್ತದೆ. ಅಂಟಾಗಿ ಉಳಿದರೆ ಕಾಲಿನ ದೂಳನ್ನೆಲ್ಲ ಹಿಡಿದಿಟ್ಟುಕೊಂಡು, ತೊಳೆದ ಜಾಗವೇ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಬೆರೆಸಿದ ದ್ರಾವಣ 5 ಮಿಲಿಲೀಟರನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಎರಡು ದಿನ ಒಣಗಲು ಬಿಡಿರಿ. ಅನಂತರ ಬೆರಳಿನಿಂದ ಮುಟ್ಟಿರಿ. ಮೇಲೆ ಒಂದು ಚಿಟಿಕೆ ರಾಗಿ ಹಿಟ್ಟು ಉದುರಿಸಿ, ತಟ್ಟೆಯನ್ನು ಬೋರಲು ಮಾಡಿ ತಟ್ಟಿರಿ. ಹಿಟ್ಟೆಲ್ಲ ಉದುರಿ ಗಾಜು ಕಂಡರೆ ಒಳ್ಳೆಯದು. ಹಿಟ್ಟು ಅಂಟಿ ಕಂದು ಪದರ ಉಳಿದರೆ ಮುಂದೇನಾಗುವುದೆಂದು ಊಹಿಸಬಹುದು.

ಊಹೆಯನ್ನು ದೃಢಪಡಿಸಿಕೊಳ್ಳಲು, ನಾಲ್ಕೂ ಉಪಚಾರಗಳಿಂದ ಶುಚಿಗೊಳಿಸಿದ ಕಲೆಯಿಲ್ಲದ ತುಂಡುಗಳನ್ನು ಅಂಗಡಿಯ ಬಾಗಿಲಲ್ಲಿ ಒಂದು ಹಲಗೆಗೆ ಹೊಡೆದು, ಜನ ತುಳಿದು ಓಡಾಡುವಂತೆ ಎರಡು ವಾರ ಬಿಡಿರಿ. ಪ್ರತಿದಿನವೂ ತುಂಡುಗಳ ಸ್ಥಾನ ಬದಲಿಸಿರಿ. ಇಲ್ಲವಾದರೆ ನಡುವಿನ ತುಂಡಿಗೆ ಹೆಚ್ಚು ತುಳಿತ ಬೀಳುತ್ತದೆ.

ಆರನೆಯದು: ಖರ್ಚಿನ ಲೆಕ್ಕ

ಲೀಟರಿನ ಬೆಲೆಯನ್ನು ಹೋಲಿಸುವುದು ತಪ್ಪು; ಚದರಡಿಯ ಖರ್ಚನ್ನು ಹೋಲಿಸಬೇಕು. ಉದಾಹರಣೆಗೆ, ಲೀಟರಿಗೆ 400 ರೂಪಾಯಿಯ ಸಾಂದ್ರ ದ್ರಾವಣವೊಂದಿದೆ ಎನ್ನೋಣ. ಒಂದು ಪಾಲಿಗೆ 19 ಪಾಲು ನೀರು ಬೆರೆಸಬೇಕೆಂದು ಲೇಬಲ್ ಹೇಳುತ್ತದೆ. ಆಗ ಬಳಸುವ ದ್ರಾವಣ 20 ಲೀಟರ್ ಆಯಿತು. ಲೀಟರಿಗೆ ಬಿದ್ದದ್ದು 20 ರೂಪಾಯಿ. ಇನ್ನೊಂದು ಉತ್ಪನ್ನ ಲೀಟರಿಗೆ 150 ರೂಪಾಯಿ, ಆದರೆ ನೀರು ಬೆರೆಸುವಂತಿಲ್ಲ. ನೂರು ಚದರಡಿಗೆ ಎರಡು ಲೀಟರ್ ಬೇಕೆಂದರೆ ಮೊದಲನೆಯದಕ್ಕೆ 40 ರೂಪಾಯಿ, ಎರಡನೆಯದಕ್ಕೆ 300 ರೂಪಾಯಿ. ಕಪಾಟಿನಲ್ಲಿ ಅಗ್ಗವಾಗಿ ಕಂಡದ್ದು ನೆಲದ ಮೇಲೆ ಏಳೂವರೆ ಪಟ್ಟು ದುಬಾರಿಯಾಯಿತು. ಹೋಟೆಲು, ಕಲ್ಯಾಣಮಂಟಪ ಮತ್ತು ಕಚೇರಿಗಳ ಖರೀದಿದಾರರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಬೇರೆ ಜಾಹೀರಾತು ಬೇಕಾಗುವುದಿಲ್ಲ.

ನಮ್ಮ ಮನೆಯಲ್ಲಿ ಕಂಡದ್ದು

ನಾನು ಮೊದಲ ಸಲ ಪರೀಕ್ಷಿಸಿದ್ದು ಒಂದು ಸಿಂಪಡಿಸುವ ನೊರೆ, ಒಂದು ಸಾಂದ್ರ ದ್ರಾವಣ, ಒಂದು ಒಣ ಪುಡಿ ಮತ್ತು ಬರೀ ನೀರು. ಮೊದಲ ದಿನ ನೊರೆಯೇ ಎಲ್ಲಕ್ಕಿಂತ ಮುಂದಿತ್ತು. ಚಹಾದ ಕಲೆಯ ಮಟ್ಟಿಗೆ ನೀರು ನಿರೀಕ್ಷೆಗಿಂತ ಚೆನ್ನಾಗಿಯೇ ಕೆಲಸ ಮಾಡಿತು. ಒಣ ಪುಡಿ ದೂಳನ್ನು ತೆಗೆಯಿತು, ಕಲೆಗಳನ್ನು ಮುಟ್ಟಲಿಲ್ಲ. ಅರಿಶಿನ ಯಾವುದಕ್ಕೂ ಬಗ್ಗಲಿಲ್ಲ. ಅದನ್ನು ಕೊನೆಗೆ ತಿಳಿಗೊಳಿಸಿದ್ದು ಕಿಟಕಿಯ ಬಿಸಿಲು. ಅರಿಶಿನದ ಬಣ್ಣ ಸೂರ್ಯನ ಬೆಳಕಿನಲ್ಲಿ ತಾನಾಗಿ ಕ್ಷಯಿಸುತ್ತದೆಂಬುದು ಬಿಳಿಯ ಪಂಚೆ ಒಗೆದವರಿಗೆಲ್ಲ ತಿಳಿದ ವಿಷಯ.

ಎರಡು ವಾರಗಳ ತರುವಾಯ ಚಿತ್ರ ತಿರುಗಿತು. ಬಾಗಿಲಲ್ಲಿ ಇರಿಸಿದ್ದ ತುಂಡುಗಳಲ್ಲಿ ನೊರೆಯಿಂದ ತೊಳೆದದ್ದೇ ಎಲ್ಲಕ್ಕಿಂತ ಕಪ್ಪಾಗಿತ್ತು. ಅದರ ಗಾಜಿನ ತಟ್ಟೆಯಲ್ಲಿ ರಾಗಿ ಹಿಟ್ಟು ಅಂಟಿಕೊಂಡಿತ್ತು. ಮೊದಲ ದಿನ ನಡುವಿನ ಸ್ಥಾನದಲ್ಲಿದ್ದ ಸಾಂದ್ರ ದ್ರಾವಣದ ತುಂಡು ಈಗ ಮೇಲಾಗಿತ್ತು. ಆದರೆ ಇಲ್ಲಿಯೇ ತೀರ್ಪು ಕೊಟ್ಟಿದ್ದರೆ ನೊರೆಗೆ ಅನ್ಯಾಯವಾಗುತ್ತಿತ್ತು. ಮತ್ತೊಮ್ಮೆ ಪರೀಕ್ಷಿಸಿ, ನೀರಿನಿಂದ ಒಂದು ಸಲಕ್ಕೆ ಬದಲಾಗಿ ಮೂರು ಸಲ ತೊಳೆದು ಹೀರಿಸಿದಾಗ ಅದರ ಸ್ಥಿತಿ ಬಹಳ ಸುಧಾರಿಸಿತು. ಅಂದರೆ ದೋಷ ಅರ್ಧ ಉತ್ಪನ್ನದ್ದು, ಅರ್ಧ ಬಳಸುವ ಕ್ರಮದ್ದು. ಈಗ ನಾನು ಅದನ್ನು ಮಾರುತ್ತೇನೆ. ಮಾರುವಾಗ "ಇನ್ನೆರಡು ಸಲ ಬರೀ ನೀರಿನಲ್ಲಿ ಒತ್ತಿ ತೆಗೆಯಿರಿ, ಉಣ್ಣೆಗೆ ಬೇಡ" ಎಂಬ ಎರಡು ಮಾತುಗಳನ್ನು ಸೇರಿಸುತ್ತೇನೆ.

ಕೆಲವು ಎಚ್ಚರಿಕೆಗಳು

ಎರಡು ಕ್ಲೀನರುಗಳನ್ನು ಎಂದಿಗೂ ಒಂದರೊಳಗೊಂದು ಬೆರೆಸಬಾರದು. ಬ್ಲೀಚಿಗೆ ಶೌಚಾಲಯದ ಆಮ್ಲ ಕ್ಲೀನರು ಸೇರಿದರೆ ಕ್ಲೋರಿನ್ ಅನಿಲವೂ, ಅಮೋನಿಯಾ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲವೂ ಹೊಮ್ಮುತ್ತವೆ. ಪರೀಕ್ಷೆ ನಡೆಸುವ ಕೋಣೆಯ ಕಿಟಕಿಗಳು ತೆರೆದಿರಲಿ, ಕೈಗವಸು ಇರಲಿ, ಮಕ್ಕಳು ದೂರವಿರಲಿ. ಸೀಸೆಗಳಿಗೆ ಸುರಿದ ದ್ರಾವಣಗಳನ್ನು ಪರೀಕ್ಷೆ ಮುಗಿದೊಡನೆ ಚೆಲ್ಲಿರಿ; ಕುಡಿಯುವ ನೀರಿನ ಬಾಟಲಿಗಳನ್ನು ಈ ಕೆಲಸಕ್ಕೆ ಬಳಸಲೇಬಾರದು.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದರೆ ಉಕ್ಕುವ ನೊರೆಯನ್ನು ಕಂಡು ಅನೇಕರು ಮೆಚ್ಚುತ್ತಾರೆ. ಅಪಾಯವೇನೂ ಇಲ್ಲ, ಪ್ರಯೋಜನವೂ ಅಲ್ಪ. ಕ್ಷಾರವೂ ಆಮ್ಲವೂ ಒಂದನ್ನೊಂದು ತಟಸ್ಥಗೊಳಿಸಿದ ಮೇಲೆ ಉಳಿಯುವುದು ಬಹುಪಾಲು ಉಪ್ಪುನೀರಿನಂತಹ ದ್ರಾವಣ. ನೊರೆ ಶಕ್ತಿಯ ಗುರುತಲ್ಲವೆಂಬುದನ್ನು ಗ್ರಾಹಕರಿಗೆ ತಿಳಿಸಿಕೊಡಬೇಕಾದವರೂ ನಾವೇ.

ಸಣ್ಣ ತಯಾರಕರಿಗೆ

ಪರೀಕ್ಷೆಯ ಹೆಚ್ಚಿನ ಲಾಭ ಸಣ್ಣ ತಯಾರಕರಿಗೆ. ತಮ್ಮ ಪ್ರತಿ ತಂಡದ ಒಂದು ಮಾದರಿಯನ್ನು ದಿನಾಂಕ ಸಹಿತ ತೆಗೆದಿಟ್ಟು, ದೊಡ್ಡ ಕಂಪನಿಯ ಉತ್ಪನ್ನದೊಡನೆ ಹೆಸರು ಮುಚ್ಚಿ ಹೋಲಿಸಿ ನೋಡಲಿ. ನೊರೆ ಹೆಚ್ಚಿಸಲು, ದ್ರವ ದಪ್ಪವಾಗಿ ಕಾಣಲು ಸೇರಿಸಿದ ವಸ್ತುವೇ ಅಂಟಿಗೆ ಕಾರಣವಾಗಿರಬಹುದು. ಗಾಜಿನ ತಟ್ಟೆ ಅದನ್ನು ಎರಡು ದಿನಗಳಲ್ಲಿ ಹೇಳುತ್ತದೆ. ಲೇಬಲ್ಲಿನ ಮೇಲೆ 'ಎಲ್ಲ ಬಗೆಯ ಕಾರ್ಪೆಟ್ಟುಗಳಿಗೆ' ಎಂಬುದಕ್ಕೆ ಬದಲಾಗಿ 'ನೈಲಾನ್ ಮತ್ತು ಪಾಲಿಪ್ರೊಪಿಲೀನ್ ಕಾರ್ಪೆಟ್ಟುಗಳಿಗೆ. ಉಣ್ಣೆ, ರೇಷ್ಮೆಗೆ ಬಳಸಬೇಡಿ' ಎಂದು ಅಚ್ಚು ಹಾಕಿಸಿದರೆ ಮಾರಾಟ ಕುಗ್ಗೀತೆಂದು ಅಂಜಬೇಕಾಗಿಲ್ಲ. ಯಾವುದಕ್ಕೆ ಆಗದೆಂಬುದನ್ನು ಮುಂಚಿತವಾಗಿ ಹೇಳುವ ತಯಾರಕನ ಸರಕನ್ನು ವರ್ತಕನು ನಿಶ್ಚಿಂತೆಯಿಂದ ಕೈಗೆತ್ತಿಕೊಳ್ಳುತ್ತಾನೆ.

ಮನೆಯ ಪರೀಕ್ಷೆಗೆ ಒಂದು ಮಿತಿಯೂ ಇದೆ. ಯಾವ ಸರಕನ್ನು ತರಿಸಬೇಕು, ಯಾವ ಮಿಶ್ರಣವನ್ನು ತಿದ್ದಬೇಕು ಎಂಬ ನಮ್ಮ ಸ್ವಂತ ನಿರ್ಧಾರಕ್ಕೆ ಅದು ಸಾಕು. ಆದರೆ ಲೇಬಲ್ಲಿನ ಮೇಲೆ ಹೇಳಿಕೆ ಮುದ್ರಿಸಲು ಮಾನ್ಯತೆ ಪಡೆದ ಪ್ರಯೋಗಶಾಲೆಯ ವರದಿಯನ್ನು ಪಡೆಯುವುದೇ ಕ್ಷೇಮ. ಪ್ರತಿಸ್ಪರ್ಧಿಯ ಹೆಸರೆತ್ತಿ ಜಾಹೀರಾತು ನೀಡಲಂತೂ ಮನೆಯ ಪರೀಕ್ಷೆಯನ್ನು ಆಧಾರವಾಗಿ ಬಳಸಕೂಡದು.

ಈ ಪರೀಕ್ಷೆಗಳಿಗೆಲ್ಲ ತಗಲುವುದು ಎರಡು ಭಾನುವಾರಗಳ ಶ್ರಮ ಮತ್ತು ನಿತ್ಯ ತುಂಡುಗಳ ಜಾಗ ಬದಲಿಸುವ ಒಂದು ನಿಮಿಷ. ಕಲೆ ಹೋಯಿತೇ ಎಂಬುದೊಂದೇ ಪ್ರಶ್ನೆಯಲ್ಲ. ಕಾರ್ಪೆಟ್ಟು ಉಳಿಯಿತೇ, ಬೇಗ ಒಣಗಿತೇ, ಎರಡು ವಾರದ ಮೇಲೂ ಶುಚಿಯಾಗಿದೆಯೇ, ಚದರಡಿಗೆ ಎಷ್ಟು ಬಿದ್ದಿತು ಎಂಬಿಷ್ಟಕ್ಕೂ ಉತ್ತರ ಕೈಯಲ್ಲಿದ್ದಾಗ ಗ್ರಾಹಕರ ಮುಂದೆ ಆಡುವ ಮಾತಿಗೆ ಬಲ ಬರುತ್ತದೆ. ನಮ್ಮ ಅಂಗಡಿಯ ಕಪಾಟಿನ ಬದಿಯಲ್ಲಿ ಇಂದಿಗೂ ಒಂದು ಹಲಗೆ ತೂಗುತ್ತಿದೆ. ಅದರ ಮೇಲೆ ಆ ನಾಲ್ಕು ಕಾರ್ಪೆಟ್ ತುಂಡುಗಳಿವೆ. "ಯಾವುದು ಒಳ್ಳೆಯದು?" ಎಂದು ಕೇಳಿದವರಿಗೆ ನಾನು ಮೊದಲು ಅದನ್ನು ತೋರಿಸುತ್ತೇನೆ. ಅನಂತರ, "ನಿಮ್ಮ ಕಾರ್ಪೆಟ್ ಯಾವ ನೂಲಿನದು?" ಎಂದು ಕೇಳುತ್ತೇನೆ.